ಬಳೆ ನಿಂತ ಜಾಗ

ನಾನು ಊದಿಕೊಂಡಾಗ ಎಲ್ಲರೂ ನನ್ನನ್ನು ಹೊಗಳಿದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದುಕೊಂಡದ್ದಕ್ಕೆ ಅಳು ಬಂದು ಹೋಯಿತು, ಹೊಗಳಿದ್ದಕ್ಕೆ ಮಾತ್ರ ಈಗಲೂ ಸಿಟ್ಟು ಬರುತ್ತದೆ.

ನನ್ನ ಹೆಸರು ಜಯಶೀಲ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಯ ಜಗುಲಿಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಊರಿನ ಹೆಂಗಸರ ತೋಳು, ಎದೆ, ಸೊಂಟದ ಅಳತೆ ನನಗೆ ಬಾಯಿಪಾಠ. ಯಾರಾದರೂ ಬಸುರಿಯಾದರೆ ಎಷ್ಟೋ ಸಲ ಅವರ ಗಂಡನಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗಿದೆ. ಇಂಥ ನಾನು ನನ್ನ ಮೈ ಅಳತೆ ತಪ್ಪಿದ್ದನ್ನು ನೋಡಿಯೂ ಸುಮ್ಮನಿದ್ದೆ. ಯಾಕೆಂದರೆ ನೋಡಿದವರೆಲ್ಲ ಚೆನ್ನಾಗಿದ್ದೀಯ ಅಂದರು.

ಕಾಯಿಲೆಗೆ ನಮ್ಮ ಕಡೆ ಬಸುರಿ ನಂಜು ಅನ್ನುತ್ತಾರೆ. ಬಿಪಿ ಏರುತ್ತದೆ, ಮೈಗೆ ನೀರು ಸೇರುತ್ತದೆ. ಮಿಕ್ಕಿದ್ದನ್ನು ಡಾಕ್ಟರ ಬಾಯಿಂದಲೇ ಕೇಳಿ. ನಾನು ಹೇಳುವುದು ಬೇರೆ. ಆಸ್ಪತ್ರೆಯ ಬೆಂಚಿನ ಮೇಲೆ ಊದಿದ ಕಾಲು ಇಳಿಬಿಟ್ಟುಕೊಂಡು ಕೂತವಳೊಬ್ಬಳು ಇದನ್ನು ಓದಿದರೆ, ಆ ಬೆಂಚಿನ ಮೇಲೆ ನಾನೂ ಎರಡು ಸಲ ಕೂತಿದ್ದೆ ಅನ್ನುವುದು ಅವಳಿಗೆ ತಿಳಿಯಲಿ. ಎರಡು ಸಲ ಅಂದರೂ ತಪ್ಪೇ. ಮೊದಲ ಸಲ ನನ್ನನ್ನು ಮಲಗಿಸಿಕೊಂಡು ಹೋಗಿದ್ದರು.

ಆಗ ತೊಂಬತ್ತರ ದಶಕದ ನಡುಭಾಗ. ಮದುವೆಯಾಗಿ ಎರಡು ವರ್ಷ ಆಗಿತ್ತು. ನನ್ನ ಗಂಡ ರಂಗಸ್ವಾಮಿ ರಾಮನಾಥಪುರದಲ್ಲಿ ತಂಬಾಕು ಹರಾಜಿನ ಕಡೆ ಗುಮಾಸ್ತರು. ಹರಾಜು ಶುರುವಾಯಿತೆಂದರೆ ಅಲ್ಲೇ ಉಳಿದು ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಏಳನೇ ತಿಂಗಳಲ್ಲಿ ಬಳೆ ಶಾಸ್ತ್ರ ಆಯಿತು. ನಮ್ಮ ಬಳೆಗಾರರಿಗೆ ಒಂದು ಹೆಮ್ಮೆ ಇದೆ. ಕೈಯನ್ನು ಹಿಂಡಿ ಮಡಚಿ, ಸಾಧ್ಯವಾದಷ್ಟು ಚಿಕ್ಕ ಬಳೆಯನ್ನು ಒಂದೂ ಒಡೆಯದಂತೆ ಏರಿಸಬೇಕು. ಜಾರುವ ಬಳೆ ತೊಡಿಸಿದರೆ ಅವರಿಗೆ ಅವಮಾನ, ತೊಟ್ಟವಳಿಗೆ ಅದಕ್ಕಿಂತ ಅವಮಾನ. ನನಗೂ ಹಾಗೇ ಕೈ ತುಂಬ ಹಸಿರು ಬಳೆ ಬಿಗಿಯಾಗಿ ಕೂರಿಸಿದರು. ಅಲ್ಲಿಂದ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದೆ. ತವರು ಚನ್ನರಾಯಪಟ್ಟಣದ ಆಚೆ, ನುಗ್ಗೇಹಳ್ಳಿ ಹತ್ತಿರ.

ತವರಿಗೆ ಬಂದು ತಿಂಗಳಾಗುವ ಹೊತ್ತಿಗೆ ಮುಖ ದುಂಡಗಾಯಿತು. ನೋಡಲು ಬಂದವರದು ಒಂದೇ ಮಾತು.

"ಏನವ್ವ ಜಯಿ, ಎಂಗ್ ಮೈಕೈ ತುಂಬ್ಕಂಡಿದ್ದೀಯೆ! ಗಂಡನ್ ಮನೇಲಿ ಬೋ ಚೆಂದಾಗಿ ನೋಡ್ಕಂಡವ್ರೆ ಬುಡು."

ಅವ್ವನಿಗೆ ಹಿಗ್ಗೋ ಹಿಗ್ಗು. ತಲೆನೋವು ಅಂದರೆ ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ನಾನು ಕೂತಲ್ಲೇ ಬ್ಲೌಸಿನ ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದೆ. ಒಂದೇ ತಿಂಗಳಲ್ಲಿ ಮೂರು ಸಲ ಬಿಚ್ಚಿದೆ. ಒಳಗೆ ಬಿಟ್ಟಿದ್ದ ಬಟ್ಟೆ ಮುಗಿದು ಅಂಚು ಕೈಗೆ ಬಂತು. ಬಸುರಿಗೆ ಹೊಟ್ಟೆ ಬೆಳೆಯುತ್ತದೆ, ಎದೆ ಬೆಳೆಯುತ್ತದೆ, ತೋಳು ಹತ್ತು ದಿನಕ್ಕೆ ಒಂದೂವರೆ ಇಂಚು ಬೆಳೆಯುವುದಿಲ್ಲ. ಬೇರೆ ಯಾರಾದರೂ ಅಂಥ ಬ್ಲೌಸ್ ತಂದಿದ್ದರೆ ಏನಮ್ಮ ಇದು ಎಂದು ಕೇಳುತ್ತಿದ್ದೆ. ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಕೇಳಿದವಳು ಚೆನ್ನಜ್ಜಿ. ತವರೂರಿನ ಸೂಲಗಿತ್ತಿ. ನಾನು, ನನ್ನ ಅಣ್ಣ, ಬೀದಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಒಂದು ಸೋಮವಾರ ಬಂದವಳು ನನ್ನ ಹೊಟ್ಟೆಯನ್ನು ನೋಡಲಿಲ್ಲ. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಬೆರಳು ತೆಗೆದಾಗ ಅಲ್ಲೊಂದು ಗುಳಿ ಬಿದ್ದಿತ್ತು. ಅದು ತುಂಬುವುದನ್ನು ಕಾದಳು. ತುಂಬಲಿಲ್ಲ.

"ಅವ್ವಾ, ಇದು ಮೈಯಲ್ಲ ಕಣವ್ವ, ನೀರು," ಅಂದಳು ನನ್ನವ್ವನಿಗೆ. "ಇದ್ನ ನಾ ಮುಟ್ಟಾಕಿಲ್ಲ. ಆಸ್ಪತ್ರೆಗ್ ಕರ್ಕಂಡೋಗಿ."

ಅವಳು ಹೋದ ಮೇಲೆ ಅಣ್ಣ ನಕ್ಕ. "ಮುದುಕಿಗೆ ಕೈ ನಡುಗ್ತೈತೆ. ಅದುಕ್ಕೇ ಆಸ್ಪತ್ರೆ ಅಂತಾಳೆ." ಅಪ್ಪ, ನಾಳೆ ಮಂಗಳವಾರ, ಬಸುರಿಯನ್ನು ಹೊರಡಿಸುವುದು ಬೇಡ ಅಂದರು. ಬುಧವಾರ ನೆಂಟರು ಬಂದರು. ಗುರುವಾರ ನೋಡೋಣ ಎಂದಾಯಿತು. ಗುರುವಾರ ಬೆಳಿಗ್ಗೆ ಅವ್ವ ನನ್ನ ತಲೆ ಬಾಚುತ್ತಿದ್ದಳು. ಕಣ್ಣ ಮುಂದೆ ಮಿಣುಕು ಹುಳ ಹಾರಿದ ಹಾಗಾಯಿತು. ಅಷ್ಟೇ ನೆನಪು.

ಫಿಟ್ಸ್ ಬಂತಂತೆ. ಮೊದಲು ಚನ್ನರಾಯಪಟ್ಟಣ, ಅಲ್ಲಿಂದ ಹಾಸನ. ಪೂರ್ತಿ ಎಚ್ಚರವಾದಾಗ ಎರಡು ದಿನ ಕಳೆದಿತ್ತು. ಹೊಟ್ಟೆ ಇಳಿದಿತ್ತು. ಕೈ ಬರಿದಾಗಿತ್ತು, ಮಣಿಕಟ್ಟಿನ ಸುತ್ತ ಬಳೆಯ ಗೀರು. ಊದಿದ ಕೈಯಲ್ಲಿ ಬಳೆ ಹೂತು ಹೋಗಿದ್ದವು, ಸೂಜಿ ಚುಚ್ಚಲು ಜಾಗವಿರಲಿಲ್ಲ, ಒಡೆಯಲೇಬೇಕಾಯಿತು. ಅವ್ವ ಅಡ್ಡ ಬಂದು ಮುತ್ತೈದೆಯ ಬಳೆ ಒಡೆಯಬೇಡಿ ಎಂದು ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳಂತೆ. ಮಗು ಹೆಣ್ಣು. ಹುಟ್ಟುವಾಗಲೇ ಉಸಿರಿರಲಿಲ್ಲ. ನಾನು ನೋಡುವ ಮೊದಲೇ ತೆಗೆದುಕೊಂಡು ಹೋಗಿದ್ದರು. ಅದರ ಮುಖ ಹೇಗಿತ್ತು ಎಂದು ಯಾರನ್ನು ಕೇಳಿದರೂ ಮಾತು ತಪ್ಪಿಸಿದರು. ಇವತ್ತಿಗೂ ಗೊತ್ತಿಲ್ಲ.

ಊರಿಗೆ ಬರುವ ಹೊತ್ತಿಗೆ ಕಾರಣಗಳು ಸಿದ್ಧವಾಗಿದ್ದವು. ತವರಿನವರ ಪ್ರಕಾರ ಬಳೆ ಒಡೆದದ್ದರಿಂದ ಮಗು ಹೋಯಿತು. ಮಗು ಹೋಗಿದ್ದು ಮೊದಲೋ ಬಳೆ ಒಡೆದದ್ದು ಮೊದಲೋ ಎಂದು ಯಾರೂ ಕೇಳಲಿಲ್ಲ. ಗಂಡನ ಮನೆಯವರ ಪ್ರಕಾರ ಬಸುರಿನಲ್ಲಿ ಮಿಷನ್ ತುಳಿದದ್ದರಿಂದ ಹೋಯಿತು. ಸೋಮವಾರದಿಂದ ಗುರುವಾರದವರೆಗಿನ ಮೂರು ದಿನದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ನನ್ನ ಅತ್ತೆ ದೇವೀರಮ್ಮ ಏಳು ಹೆತ್ತವರು, ಏಳೂ ಮನೆಯಲ್ಲೇ. ಅವರು ಮಿಷನ್ನಿಗೆ ಗೋಣಿ ಹೊದಿಸಿ ಅಟ್ಟಕ್ಕೆ ಹಾಕಿಸಿದ್ದರು.

ಅದು ಕೆಳಗೆ ಬರುವ ತನಕ ಊಟ ಮಾಡುವುದಿಲ್ಲ ಅಂದೆ. ಎರಡು ದಿನ ಮಾಡಲಿಲ್ಲ. ಮೂರನೇ ದಿನ ನನ್ನ ಗಂಡ ಏಣಿ ಹಾಕಿ ಇಳಿಸಿಕೊಟ್ಟರು. ಅವರು ಮಾತಿನ ಮನುಷ್ಯರಲ್ಲ. ಆ ಏಣಿಯೇ ನನಗೆ ಸಾಕಾಯಿತು.

ಮುಂದಿನ ಸಲ ತವರಿಗೆ ಹೋದಾಗ ಚೆನ್ನಜ್ಜಿಯನ್ನು ಹುಡುಕಿಕೊಂಡು ಹೋದೆ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ ಅಲ್ಲೇ ಕೂತಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ನಾ ಮೆಲ್ಲಗ್ ಯೋಳ್ಬುಟ್ಟೆ ಕಣವ್ವ," ಅಂದಳು. "ಬೀದೀಲ್ ನಿಂತ್ಕಂಡು ಕಿರುಚ್ಬೇಕಾಗಿತ್ತು."

ಅವಳ ತಪ್ಪು ಏನೂ ಇರಲಿಲ್ಲ. ಆದರೂ ತಪ್ಪು ಒಪ್ಪಿಕೊಂಡವಳು ಅವಳೊಬ್ಬಳೇ. ಬಸ್ಸಿನಲ್ಲಿ ವಾಪಸು ಬರುವಾಗ ಒಂದು ತೀರ್ಮಾನ ಮಾಡಿದೆ. ಇನ್ನೊಂದು ಸಲ ಬಸುರಿಯಾದರೆ ಕಿರುಚುವ ಕೆಲಸ ನಾನೇ ಮಾಡುತ್ತೇನೆ.

ಎರಡು ವರ್ಷದ ಮೇಲೆ ಮತ್ತೆ ಬಸುರು ನಿಂತಿತು. ಈ ಸಲ ಮನೆಯಲ್ಲಿ ಬಾಯಿ ಬಿಡುವ ಮೊದಲೇ ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಹೋದೆ. ಅಲ್ಲಿಗೆ ಶಾಂತಮ್ಮ ಎಂಬ ಸಿಸ್ಟರ್ ಹೊಸದಾಗಿ ಬಂದಿದ್ದರು, ಅರಕಲಗೂಡಿನವರು. ಹೆರಿಗೆ ಮಾಡಿಸುವುದೂ ಬಸುರಿ ಬಾಣಂತಿಯರನ್ನು ನೋಡುವುದೂ ಅವರ ಕೆಲಸ. ಬೈಸಿಕೊಳ್ಳಲು ಸಿದ್ಧವಾಗಿಯೇ ಹೋಗಿದ್ದೆ. ಆಸ್ಪತ್ರೆ ಅಂದರೆ ಬೈಗುಳ ಎಂದೇ ನಮ್ಮ ಎಣಿಕೆ. ಹೆರುವಾಗ ಕೂಗಿದರೆ ಬೈಯುತ್ತಾರೆ, ಕೂಗದಿದ್ದರೂ ಬೈಯುತ್ತಾರೆ ಎಂದು ಕೇಳಿದ್ದೆ. ಆಕೆ ಪೆನ್ನು ಕೆಳಗಿಟ್ಟು, ನಾನು ಹೇಳುವಷ್ಟನ್ನೂ ಕೇಳಿದರು. ಬ್ಲೌಸಿನ ತೋಳಿನಿಂದ ಹಿಡಿದು ಗುರುವಾರದವರೆಗೆ.

"ನಾನೇನ್ ತಪ್ಪು ಮಾಡಿದ್ದೆ ಸಿಸ್ಟರ್?"

"ಏನೂ ಇಲ್ಲ. ತಪ್ಪು ನಿಮ್ಮದಲ್ಲ, ಮಿಷನ್ದೂ ಅಲ್ಲ, ಬಳೇದೂ ಅಲ್ಲ."

ಎರಡು ವರ್ಷದಲ್ಲಿ ಆ ಮಾತನ್ನು ಹೇಳಿದ ಮೊದಲ ಮನುಷ್ಯರು ಅವರು. ಅಲ್ಲೇ, ಲಸಿಕೆ ಹಾಕಿಸಲು ಬಂದ ಹೆಂಗಸರ ಎದುರಿಗೇ, ಗೋಳೋ ಎಂದು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಕಾದರು. ಅಳು ನಿಂತ ಮೇಲೆ ನೇರವಾಗಿ ಹೇಳಿದರು.

"ಮತ್ತೆ ಬರಬಹುದು, ಬರದೇನೂ ಇರಬಹುದು. ಬಂದ್ರೆ ಅದು ನಮ್ಮನ್ನ ಹಿಡಿಯೋಕ್ ಮುಂಚೆ ನಾವು ಅದನ್ನ ಹಿಡೀಬೇಕು. ನೀವು ನನಗೆ ಸುಳ್ಳು ಹೇಳಬಾರದು, ನಾನು ನಿಮಗೆ ಮುಚ್ಚಿಡಬಾರದು. ಆಯ್ತಾ?"

ಆಯ್ತು ಅಂದೆ. ಇಂಥ ಸಿಸ್ಟರಿಂದ ಏನು ನಿರೀಕ್ಷಿಸಬಹುದು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಮುಟ್ಟುವ ಮೊದಲು ಹೇಳಬೇಕು. ಶಾಂತಮ್ಮ ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಈಗ ತಲೆ ಎಲ್ಲಿದೆ ನೋಡ್ತೀನಿ" ಅನ್ನುತ್ತಿದ್ದರು. ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿಗೊಟ್ಟಾಗ, ಮಗುವಿನ ಎದೆ ಹೇಗೆ ಬಡಿಯುತ್ತಿದೆಯೋ ಹಾಗೇ ನನ್ನ ಮೊಣಕಾಲ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ಟಕಟಕ ಟಕಟಕ ಎಂದು, ನನ್ನ ಮಿಷನ್ ನೇರ ಹೊಲಿಗೆಯಲ್ಲಿ ಓಡುವ ವೇಗದಲ್ಲಿ. ಮೊದಲ ಮಗುವಿಗೂ ಹಾಗೇ ಬಡಿದಿತ್ತಲ್ಲ, ನನಗೆ ಯಾರೂ ತಟ್ಟಿ ತೋರಿಸಿರಲಿಲ್ಲವಲ್ಲ ಅನ್ನಿಸಿ ಮನೆಗೆ ಬಂದು ಬಹಳ ಹೊತ್ತು ಕೂತೇ ಇದ್ದೆ.

ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದು ಕಾಯಿಸುತ್ತಿದ್ದರು. ನೀರು ತಿಳಿಯಾಗಿಯೇ ಉಳಿದರೆ ಸರಿ, ಬೆಳ್ಳಗೆ ಮೋಡ ಕಟ್ಟಿದರೆ ಕೆಟ್ಟ ಸುದ್ದಿ. ಅದನ್ನು ಬೆನ್ನು ತಿರುಗಿಸಿ ಮಾಡದೆ, ನನಗೆ ಕಾಣುವ ಹಾಗೆ ಬೆಳಕಿಗೆ ಹಿಡಿಯುತ್ತಿದ್ದರು. ಪ್ರತಿ ಗುರುವಾರ ಕಣ್ಣು ಕೀಳದೆ ನೋಡುತ್ತಿದ್ದೆ.

ಆದರೆ ಗುರುವಾರದಿಂದ ಗುರುವಾರಕ್ಕೆ ನಡುವೆ ಆರು ದಿನ. ಮೂರು ದಿನದಲ್ಲಿ ಏನಾಗುತ್ತದೆ ಎಂದು ಕಂಡವಳು ನಾನು. ನಡುವೆ ಊತ ಬಂದರೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. ಮುಖ, ಕೈ ಊದುವುದನ್ನು ನೋಡಿಕೊಳ್ಳಿ ಅಂದರು. ಮುಖವನ್ನು ನಾನು ನಂಬುವುದಿಲ್ಲ, ಅದನ್ನು ಹೊಗಳುವವರು ಜಾಸ್ತಿ ಅಂದೆ. ಕೈಯಾದರೆ ಸರಿ. ಸಡಿಲವಾದ ಒಂದು ಬಳೆಯನ್ನು ಬೆಳಿಗ್ಗೆ ಎದ್ದ ತಕ್ಷಣ ಮೇಲಕ್ಕೆ ಜಾರಿಸಿ, ನಿಂತ ಕಡೆ ಗುರುತು ಹಾಕಿದರೆ? ನಾಳೆ ಅದಕ್ಕಿಂತ ಕೆಳಗೇ ನಿಂತರೆ ಕೈ ದಪ್ಪವಾಗಿದೆ ಎಂದೇ ಅರ್ಥ.

ಸಿಸ್ಟರ್ ನಕ್ಕರು. "ಅಳತೆ ನಿಮ್ಮ ಕಸುಬು, ಮಾಡಿ. ಆದ್ರೆ ಬಳೆ ಚೆನ್ನಾಗ್ ಜಾರ್ತು ಅಂತ ಬಿಪಿ ನೋಡಿಸೋದು ಬಿಡಬೇಡಿ. ತಲೆನೋವು, ಕಣ್ ಮಂಜು, ಎದೆಗೂಡಿನ ಕೆಳಗೆ ನೋವು, ಇದ್ರಲ್ಲಿ ಒಂದ್ ಬಂದ್ರೂ ಬಳೆ ಎಲ್ಲಿದ್ರೂ ಓಡಿ ಬನ್ನಿ."

ಅತ್ತೆಗೆ ಬಸುರಿನ ವಿಷಯ ತಿಳಿಯಿತು. ಏಳನೇ ತಿಂಗಳಿಗೆ ಬಳೆ ಶಾಸ್ತ್ರದ ದಿನ ಬಂತು. ಅದೇ ಬಳೆಗಾರರು ಪೆಟ್ಟಿಗೆ ಬಿಚ್ಚಿ ನನ್ನ ಕೈ ಹಿಡಿದು ನೋಡಿ ಎರಡು ನಾಲ್ಕರ ಅಳತೆಯ ಬಳೆ ತೆಗೆದರು.

"ಎರಡು ಎಂಟು ಕೊಡಿ. ಕೈಗೆ ಎರಡೆರಡು ಸಾಕು."

"ಎರಡು ಎಂಟಾ? ಅದು ನಿಮ್ಮತ್ತೆ ಕೈಗೂ ದೊಡ್ಡದು ಕಣವ್ವ. ನಲ್ವತ್ ವರ್ಸದಿಂದ ತೊಡಿಸ್ತಾ ಇವ್ನಿ, ಜಾರೋ ಬಳೆ ತೊಡಿಸ್ದೋನಲ್ಲ."

"ಜಾರಲಿ ಅಂತ್ಲೇ ಕೇಳ್ತಿರೋದು."

ಅತ್ತೆ ಕಿವಿಯ ಹತ್ತಿರ ಬಂದು, "ಜನ ನಗ್ತಾರೆ ಕಣೇ, ಬಾಯ್ ಮುಚ್ಕಂಡ್ ತೊಟ್ಕೊ," ಅಂದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. "ನಗ್ಲಿ ಅತ್ಯಮ್ಮ. ಹೋದ್ಸಲ ಎಲ್ರೂ ಹೊಗಳಿದ್ರು, ಏನಾಯ್ತು?" ಸೋಬಾನೆ ಹೇಳುತ್ತಿದ್ದವರು ನಿಲ್ಲಿಸಿಬಿಟ್ಟರು. ಬಳೆಗಾರರು ತುಟಿ ಬಿಗಿದುಕೊಂಡು ಎರಡು ಎಂಟನ್ನು ನನ್ನ ಕೈಗೆ ಬೀಳಿಸಿದರು. ತೊಡಿಸಿದರು ಅನ್ನಲಾರೆ. ಅವ್ವ ಕರೆದುಕೊಂಡು ಹೋಗಲು ಬಂದಿದ್ದಳು, ತವರಿಗೂ ಬರುವುದಿಲ್ಲ, ಸಿಸ್ಟರ್ ಇರುವ ಊರಲ್ಲೇ ಇರುತ್ತೇನೆ ಅಂದೆ. ಅವಳು ಕಣ್ಣೊರೆಸಿಕೊಂಡು ಹೋದಳು. ನನಗೂ ಸಂಕಟವಾಯಿತು, ಮಾತು ಮಾತ್ರ ಬದಲಿಸಲಿಲ್ಲ.

ಅಲ್ಲಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಮುಖ ತೊಳೆಯುವ ಮೊದಲು ಬಲಗೈಯ ಬಳೆಯನ್ನು ಮೊಣಕೈ ಕಡೆಗೆ ಜಾರಿಸುವುದು, ನಿಂತಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಗೀಟು ಎಳೆಯುವುದು. ಸ್ನಾನದಲ್ಲಿ ಗೀಟು ಹೋಗುತ್ತದೆಂದು ಮಣಿಕಟ್ಟಿನಿಂದ ಎಷ್ಟು ಇಂಚು ಎಂದು ಗೋಡೆಯ ಮೇಲೂ ಬರೆದಿಡುತ್ತಿದ್ದೆ. ಸೊಸೆಗೆ ಮಗು ಹೋದ ಮೇಲೆ ತಲೆ ಕೆಟ್ಟಿದೆ ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಆದರೆ ಒಂದು ದಿನ ಒಲೆ ಊದುತ್ತಾ, ನನ್ನ ಕಡೆ ನೋಡದೆ ಅವರೇ ಕೇಳಿದರು.

"ಇವತ್ತು ಎಲ್ಲಿಗ್ ನಿಂತ್ತು?"

"ಅಲ್ಲೇ ಅತ್ಯಮ್ಮ."

"ಊಂ," ಅಂದು ಮತ್ತೆ ಊದಿದರು. ಆಮೇಲೆ ದಿನಾ ಕೇಳುವುದು ರೂಢಿಯಾಯಿತು.

ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಅವತ್ತು ಪಿತೃಪಕ್ಷದ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಅತ್ತೆ ಬೆಳಿಗ್ಗೆಯೇ ಒರಳಿನ ಮುಂದೆ ಕೂತು ಮಸಾಲೆ ರುಬ್ಬುತ್ತಿದ್ದರು. ನನ್ನ ಗಂಡ ರಾಮನಾಥಪುರದಿಂದ ಸಂಜೆಗೆ ಬರುವವರಿದ್ದರು. ನಾನು ಹಾಸಿಗೆಯ ಮೇಲೆ ಕೂತು ಬಳೆ ಜಾರಿಸಿದೆ. ನಿನ್ನೆಯ ಗೀಟಿಗಿಂತ ಮೂರು ಬೆರಳು ಕೆಳಗೆ ನಿಂತಿತು. ಕೈ ಅಡಿಗೆ ಹಾಕಿಕೊಂಡು ಮಲಗಿದ್ದೆನೇನೋ ಅಂದುಕೊಂಡು ಎಡಗೈಯಲ್ಲಿ ನೋಡಿದೆ. ಅದೂ ಅಷ್ಟೇ. ಕಾಲ ಮೇಲೆ ಚೆನ್ನಜ್ಜಿಯ ಹಾಗೆ ಹೆಬ್ಬೆರಳು ಒತ್ತಿದೆ. ಗುಳಿ ಬಿತ್ತು.

ಹೆದರಿಕೆ ಆಯಿತು. ಈ ಒಂದು ಗಳಿಗೆಗೆಂದೇ ಎಂಟು ತಿಂಗಳು ತಯಾರಾಗಿದ್ದರೂ, ಬಂದಾಗ ಮತ್ತೆ ಹೊದ್ದು ಮಲಗಿಬಿಡೋಣ, ನೋಡಲೇ ಇಲ್ಲ ಅಂದುಕೊಳ್ಳೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಒಂದೆರಡು ನಿಮಿಷ ಮಲಗಿಯೂ ಇದ್ದೆ. ಆಮೇಲೆ ಎದ್ದು ಸೀರೆ ಸರಿ ಮಾಡಿಕೊಂಡು ಹೊರಟೆ.

ಅತ್ತೆ ರುಬ್ಬುವುದನ್ನು ನಿಲ್ಲಿಸಿದರು. "ಎಲ್ಲಿಗೆ?"

"ಸಿಸ್ಟರ್ ಹತ್ರ. ಬಳೆ ಕೆಳಗ್ ನಿಂತಿದೆ."

"ಇವತ್ತು ಅಮಾಸೆ ಕಣೇ. ತುಂಬಿದ್ ಬಸುರಿ ಹೊಸ್ಲು ದಾಟ್ಬಾರ್ದು. ನಾಳೀಕ್ ಓಗುವಂತೆ. ಹಿರೀಕ್ರು ಬರೋ ಹೊತ್ತು ಮನೇಲಿ ಸೊಸೆ ಇರ್ಬೇಕು."

"ಹೋದ್ಸಲ ಮಂಗಳವಾರ ಅಂತ ಕಾದ್ರು ಅತ್ಯಮ್ಮ. ಈ ಸಲ ನಾನ್ ಕಾಯಲ್ಲ." ನನ್ನ ದನಿ ಏರಿತು. "ನಿಮ್ಮ ಹಿರೀಕರಿಗೆ ನನ್ನ ಮಗೂನೂ ಸೇರಿಸಿ ಎಡೆ ಇಡ್ಬೇಕಾ? ಮೊದಲ್ನೇದಕ್ಕೆ ಒಂದ್ ಎಡೆನೂ ಇಡಲಿಲ್ಲ ನೀವು!"

ಪಕ್ಕದ ಮನೆಯವರು ಹೊರಗೆ ಬಂದರು. ಬರಲಿ, ಅದಕ್ಕೇ ಕಿರುಚಿದ್ದು. ಹೊಸಿಲು ದಾಟಿದೆ.

ಶಾಂತಮ್ಮ ಎರಡು ಸಲ ಬಿಪಿ ನೋಡಿದರು. ನೂರ ಎಪ್ಪತ್ತರ ಮೇಲಿತ್ತು. ಮಾತು ಕೊಟ್ಟಂತೆ ಮುಚ್ಚಿಡಲಿಲ್ಲ. ನಳಿಕೆಯನ್ನು ದೀಪದ ಮೇಲೆ ಹಿಡಿದರು. ತಿಳಿನೀರು ನನ್ನ ಕಣ್ಣೆದುರೇ ಬೆಳ್ಳಗಾಗಿ, ಬೆಂದ ಮೊಟ್ಟೆಯ ಹಾಗೆ ಕಟ್ಟಿಕೊಂಡಿತು. ಇಬ್ಬರೂ ಅದನ್ನೇ ನೋಡಿದೆವು. ಆಮೇಲೆ ಅವರು ಕೊಳವೆ ಇಟ್ಟು ಮೊಣಕಾಲ ಮೇಲೆ ತಟ್ಟಿದರು. ಟಕಟಕ ಟಕಟಕ.

"ಮಗು ಚೆನ್ನಾಗಿದೆ. ಈಗ್ಲೇ ಹೊರಡೋಣ. ನಾನೂ ಬರ್ತೀನಿ," ಅಂದು ಬಾಗಿಲಿಗೆ ಬೀಗ ಹಾಕಿದರು.

ಬಸ್ ನಿಲ್ದಾಣಕ್ಕೆ ಬಂದು ನಿಂತಾಗ ಬೀದಿಯ ಕೊನೆಯಲ್ಲಿ ಅತ್ತೆ ಕಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರಬಿರನೆ ಬರುತ್ತಿದ್ದರು. ಅಡ್ಡ ಹಾಕಲು ಬರುತ್ತಿದ್ದಾರೆ ಅಂದುಕೊಂಡು ಜಗಳಕ್ಕೆ ಸಿದ್ಧವಾದೆ. ಅವರ ಕಂಕುಳಲ್ಲಿ ಒಂದು ಚೀಲವಿತ್ತು. ಅದರ ತುಂಬ ಹಳೆಯ ಮೆತ್ತನೆಯ ಸೀರೆಗಳು. ಕೈ ಮಾತ್ರ ಮಸಾಲೆಯಿಂದ ಹಳದಿಯಾಗಿಯೇ ಇತ್ತು, ತೊಳೆದುಕೊಳ್ಳಲೂ ನಿಂತಿರಲಿಲ್ಲ.

"ಎಡೆ ಅತ್ಯಮ್ಮ?"

ಅವರು ನನ್ನ ಮುಖ ನೋಡಲಿಲ್ಲ. ಬಸ್ ಬರುವ ದಾರಿ ನೋಡುತ್ತಾ ಹೇಳಿದರು. "ಸತ್ತೋರು ಕಾಯ್ತಾರೆ. ಹುಟ್ಟೋದು ಕಾಯಾಕಿಲ್ಲ."

ಹೊಳೆನರಸೀಪುರದಲ್ಲಿ ಡಾಕ್ಟರಮ್ಮ ನೋಡಿ, ಫಿಟ್ಸ್ ಬಾರದಂತೆ ಸೂಜಿ ಹಾಕಿ, ಜೀಪು ಕೊಟ್ಟು ಹಾಸನಕ್ಕೆ ಕಳಿಸಿದರು. ಆ ಸೂಜಿಯ ಉರಿಯನ್ನು ಹೇಳಿಬಿಡಬೇಕು, ಯಾರೂ ಮೊದಲು ಹೇಳುವುದಿಲ್ಲ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಇರುತ್ತದೆ, ಮೈಯೆಲ್ಲ ಬಿಸಿ ಹರಿಯುತ್ತದೆ. ನನಗೆ ಶಾಂತಮ್ಮ ಮೊದಲೇ ಹೇಳಿದ್ದರು, ಹಾಗಾಗಿ ಉರಿಯನ್ನು ಸಹಿಸಿದೆ, ಗಾಬರಿಯಾಗಲಿಲ್ಲ. ಜೀಪಿನಲ್ಲಿ ಎಡಮಗ್ಗುಲಾಗಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಅವರ ಸೀರೆಗೆ ಧನಿಯಾ, ಬೆಳ್ಳುಳ್ಳಿಯ ವಾಸನೆ.

ಹಾಸನದ ಆಸ್ಪತ್ರೆಯ ಬೆಂಚು. ಆ ನೆಲ, ಆ ಫಿನಾಯಿಲ್ ವಾಸನೆ ಎಲ್ಲ ಹೋದ ಸಲದ್ದೇ. ಇಲ್ಲಿಂದಲೇ ಬರಿಗೈಯಲ್ಲಿ ಹೋಗಿದ್ದೆ. ಪಕ್ಕದಲ್ಲಿ ದೊಡ್ಡಗದ್ದವಳ್ಳಿ ಕಡೆಯ ಹೆಂಗಸೊಬ್ಬಳು ಮಗಳ ಹೆರಿಗೆಗೆಂದು ಬಂದು ಕೂತಿದ್ದಳು. ಯಾರು ಏನು ಎಂದು ಕೇಳದೆ, ನನ್ನ ಕಾಲನ್ನು ಎತ್ತಿ ತನ್ನ ಗಂಟಿನ ಮೇಲೆ ಇರಿಸಿಕೊಂಡಳು. "ಊದೈತೆ, ಇಳಿ ಬಿಡ್ಬ್ಯಾಡ ಮಗಾ," ಅಂದಳು. ಆಕೆಯ ಹೆಸರೂ ಕೇಳಲಿಲ್ಲ. ಅವತ್ತಿನ ದಿನದಲ್ಲಿ ಮರೆಯದೆ ಉಳಿದ ಮುಖಗಳಲ್ಲಿ ಅದೂ ಒಂದು.

ಕರೆ ಬರುವ ಮೊದಲು ಶಾಂತಮ್ಮ, ಕೈ ಇನ್ನೂ ಊದಬಹುದು, ಬಳೆ ಈಗಲೇ ತೆಗೆದುಬಿಡೋಣ ಅಂದರು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ಬರಿಗೈ ಬ್ಯಾಡ ಕಣವ್ವ." ಹಿಡಿದ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡರು. ಆಗ ಅರ್ಥವಾಯಿತು. ಇವರು ನನ್ನ ಮೇಲೆ ಅಧಿಕಾರ ನಡೆಸುತ್ತಿಲ್ಲ, ಹೆದರಿದ್ದಾರೆ. ನನಗಿಂತ ಹೆಚ್ಚು ಹೆದರಿದ್ದಾರೆ. ಏಳು ಹೆತ್ತವರಿಗೆ ಗೊತ್ತಿರದ ಹೆದರಿಕೆಯೇ?

"ಒಡೆಯಲ್ಲ ಅತ್ಯಮ್ಮ. ನಾನೇ ತೆಗೀತೀನಿ."

ಸೋಪು ಹಚ್ಚಿಕೊಂಡು ಒಂದೊಂದಾಗಿ ಜಾರಿಸಿದೆ. ನಾಲ್ಕೂ ಇಡಿಯಾಗಿ ಬಂದವು. ಎರಡು ಎಂಟಕ್ಕೆ ಜಗಳ ಆಡಿದ್ದು ಸಾರ್ಥಕವಾಯಿತು. ಅತ್ತೆ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಚೀಲದ ಹಳೆ ಸೀರೆಯಿಂದ ದಾರದಷ್ಟು ಸಣ್ಣಗೆ ಅಂಚು ಹರಿದು, ತಮ್ಮ ಹಳದಿ ಬೆರಳಲ್ಲೇ ತೀಡಿ ನನ್ನ ಕೈಗೆ ಕಟ್ಟಿದರು. ಬೇಡ ಅನ್ನಲಿಲ್ಲ. ಎಲ್ಲದಕ್ಕೂ ಜಗಳ ಆಡಬೇಕಿಲ್ಲ. ಸೂಜಿಗೆ ಜಾಗವಿದ್ದರೆ ಸಾಕು.

ನೋವು ಬರಿಸುವ ಔಷಧಿ ಕೊಟ್ಟರು. ಒಂದೂವರೆ ದಿನ ಹೆರಿಗೆ ವಾರ್ಡಿನಲ್ಲಿ ಕಳೆದೆ. ಶಾಂತಮ್ಮ ತಮ್ಮ ಕಾರ್ಡಿನಲ್ಲಿ ಬರೆದಿಟ್ಟಿದ್ದ ಅಷ್ಟೂ ವಾರದ ಲೆಕ್ಕವನ್ನು ವಾರ್ಡಿನ ಸಿಸ್ಟರಿಗೆ ಒಪ್ಪಿಸಿ ಹೋಗಿದ್ದರು. ವಾರ್ಡಿನ ಸಿಸ್ಟರ್ ಮಾತು ಕಡಿಮೆ, ಬಿಪಿ ನೋಡುವುದು ಮಾತ್ರ ತಪ್ಪಿಸಲಿಲ್ಲ. ನೋವು ತಡೆಯಲಾಗದೆ ನಾನು ಕೂಗಿದೆ. ಬೈಗುಳ ಬರುತ್ತದೆ ಎಂದು ಕಣ್ಣು ಬಿಟ್ಟರೆ, ಆಕೆ ನನ್ನ ಬೆನ್ನು ಒತ್ತುತ್ತಾ, "ಕೂಗಮ್ಮ, ಕೂಗಿದ್ರೆ ಏನಂತೆ," ಅಂದರು. ಅನುಮತಿ ಸಿಕ್ಕ ಮೇಲೆ ಎರಡು ವರ್ಷದ್ದನ್ನೂ ಸೇರಿಸಿ ಕೂಗಿದೆ.

ಮಧ್ಯಾಹ್ನದ ಹೊತ್ತಿಗೆ ಮಗು ಹೊರಗೆ ಬಂತು. ಸದ್ದಿಲ್ಲ. ಬೆನ್ನು ಉಜ್ಜುವುದು ಕೇಳಿಸಿತು, ಯಾರೋ ಬೇಗ ಬೇಗ ಓಡಾಡಿದರು. ಆ ಹೊತ್ತು ಎಷ್ಟು ಉದ್ದ ಇತ್ತು ಎಂದು ಹೇಳಲಾರೆ, ಅದನ್ನು ಅಳೆಯುವ ಟೇಪು ನನ್ನಲ್ಲಿಲ್ಲ. ಆಮೇಲೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅಳು ಬಂತು.

ಎರಡು ಕೆ.ಜಿ.ಗೂ ಕಡಿಮೆ ಇದ್ದ ಕೂಸನ್ನು ನನ್ನ ಎದೆಯ ಮೇಲೆ ಮಲಗಿಸಿ ಬಟ್ಟೆ ಹೊದಿಸಿದರು. ರಾಮನಾಥಪುರದಿಂದ ನನ್ನ ಗಂಡ, ನುಗ್ಗೇಹಳ್ಳಿಯಿಂದ ಅವ್ವ ಬಂದು ಹೊರಗೆ ನಿಂತಿದ್ದರು. ಬಾಗಿಲಲ್ಲಿ ಅವ್ವ ಅತ್ತೆಯನ್ನು ಕೇಳಿದ್ದು ನನಗೂ ಕೇಳಿಸಿತು. "ಏನ್ ಮಗ ಬೀಗ್ರೇ? ಗಂಡೋ ಎಣ್ಣೋ?"

"ಅಳ್ತಾ ಐತೆ," 
ಅಂದರು ಅತ್ತೆ. ಅಷ್ಟೇ ಉತ್ತರ.

ಹೆಣ್ಣು. ನನ್ನ ಗಂಡ ಅವಳ ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಗೋಡೆಯ ಕಡೆ ತಿರುಗಿ ನಿಂತು ಅತ್ತರು.

ಬಾಣಂತನದಲ್ಲೂ ಜಗಳ ನಡೆಯಿತು. ಬಾಣಂತಿಗೆ ನೀರು ಕೊಡಬಾರದು ಎಂದು ಅತ್ತೆ, ಚೊಂಬು ಎಲ್ಲಿಟ್ಟರೂ ಹುಡುಕಿ ಕುಡಿಯುತ್ತೇನೆ ಎಂದು ನಾನು. ಶಾಂತಮ್ಮ ಮನೆಗೆ ಬಂದು ಬಿಪಿ ನೋಡಿ, ನೀರಿನ ತೀರ್ಪು ನನ್ನ ಕಡೆ ಕೊಟ್ಟರು. ಹೆರಿಗೆಯಾದರೆ ಕಾಯಿಲೆ ಮುಗಿಯಿತು ಅಂದುಕೊಳ್ಳಬೇಡಿ, ಆಮೇಲಿನ ವಾರಗಳಲ್ಲೂ ನೋಡಿಸಬೇಕು ಎಂದು ಅತ್ತೆಯನ್ನೂ ಕೂರಿಸಿಕೊಂಡು ಹೇಳಿದರು. ನನ್ನ ಬಿಪಿ ಪೂರ್ತಿ ಇಳಿಯಲೇ ಇಲ್ಲ. ಇವತ್ತಿಗೂ ಬೆಳಿಗ್ಗೆ ಒಂದು ಮಾತ್ರೆ ನುಂಗಿ ಮಿಷನ್ ತುಳಿಯುತ್ತೇನೆ. ಹೌದು, ತುಳಿಯುತ್ತೇನೆ.

ಮೊನ್ನೆ ನನ್ನ ನಾದಿನಿಯ ಮಗಳು ಸುಧಾಗೆ ನಮ್ಮ ಮನೆಯಲ್ಲೇ ಬಳೆ ಶಾಸ್ತ್ರ ಇತ್ತು. ನನ್ನ ಮಗಳಿಗೆ ಈಗ ಎಂಟು ವರ್ಷ, ಬಳೆಗಾರರ ಪಕ್ಕದಲ್ಲೇ ಕೂತು ಬಣ್ಣ ಆರಿಸುತ್ತಿದ್ದಳು. ಬಳೆಗಾರರು ಈಗ ನನ್ನನ್ನು ಕಂಡರೆ ಕೇಳದೆಯೇ ಎರಡು ಎಂಟರ ಕಟ್ಟು ಬಿಚ್ಚುತ್ತಾರೆ. ಬಂದ ಹೆಂಗಸರಲ್ಲಿ ಒಬ್ಬರು ಸುಧಾಳ ಗಲ್ಲ ಹಿಡಿದು, "ಎಂಗ್ ಮೈ ತುಂಬ್ಕಂಡವ್ಳೆ ನೋಡಿ!" ಅಂದರು. ಇನ್ನೊಬ್ಬರು ಹೌದೌದು ಅಂದರು. ಹಸೆಯ ಮೇಲೆ ಕೂತ ಹುಡುಗಿ ನಾಚಿ ನಕ್ಕಳು.

ನಾನು ಬಾಯಿ ತೆಗೆಯುವ ಮೊದಲೇ ಮೂಲೆಯಲ್ಲಿದ್ದ ಅತ್ತೆ ಎದ್ದು ಬಂದರು. ಮೊಮ್ಮಗಳ ಎದುರು ನೆಲದ ಮೇಲೆ ಕೂತು, ಸೀರೆಯ ನೆರಿಗೆ ಸರಿಸಿ, ಅವಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ಹೆಬ್ಬೆರಳು ಒತ್ತಿ ಹಿಡಿದರು. ಸೋಬಾನೆ ನಿಂತಿತು. ಬೆರಳು ತೆಗೆದು, ಕನ್ನಡಕ ಸರಿಮಾಡಿಕೊಂಡು ಕಾದರು.

ಗುಳಿ ತುಂಬಲಿಲ್ಲ.

ಅತ್ತೆ ನನ್ನ ಕಡೆಯೂ ನೋಡಲಿಲ್ಲ, ಹೊಗಳಿದವರ ಕಡೆಯೂ ನೋಡಲಿಲ್ಲ. ಬೀದಿಗೆಲ್ಲ ಕೇಳುವ ದನಿಯಲ್ಲಿ ಕೂಗಿದರು. "ಬಸ್ ಎಷ್ಟೊತ್ಗೈತ್ರೋ?"